ನೆರಡಿ ರೋಗ (ಆಂಥ್ರಾಕ್ಸ್): ಪದೇ ಪದೇ ಕೇಳುವ ಪ್ರಶ್ನೆಗಳು

ನಿನ್ನೆ ಸಂಜೆ ಹೊಟ್ಟೆ ತುಂಬ ಮೇದು ಬಂದ ಎಮ್ಮೆ ಬೆಳಿಗ್ಗೆ ಕೊಟ್ಟಿಗೆಯಲ್ಲಿ ಸತ್ತು ಬಿದ್ದಿದೆ. ಹೊಟ್ಟೆ ಉಬ್ಬಿದೆ. ಮೂಗಿನಿಂದ ಕಪ್ಪು ರಕ್ತ ಒಸರುತ್ತಿದೆ. ಹಾವು ಕಚ್ಚಿತೇ, ಯಾರಾದರೂ ವಿಷ ಹಾಕಿದರೇ ಎಂದು ಮನೆಯವರು ಗಾಬರಿಯಾಗುತ್ತಾರೆ. ಆ ಗಾಬರಿಯಲ್ಲಿ ಯಾರೋ ಒಬ್ಬರು, "ಕೊಯ್ದು ನೋಡಿಬಿಡೋಣ" ಎನ್ನುತ್ತಾರೆ. ಈ ಪುಟ ಬರೆದಿರುವುದೇ ಆ ಒಂದು ಮಾತನ್ನು ತಡೆಯುವುದಕ್ಕೆ. ಉಳಿದ ಪ್ರಶ್ನೆಗಳೆಲ್ಲ ಅದರ ಸುತ್ತಲಿನವು.

ಮೊದಲು ಇದನ್ನು ಹೇಳಿ: ದನ ಹೀಗೆ ಹಠಾತ್ತಾಗಿ ಸತ್ತರೆ ತಕ್ಷಣ ಏನು ಮಾಡಬೇಕು?

ಹೆಣವನ್ನು ಕೊಯ್ಯಬೇಡಿ, ಸುಲಿಯಬೇಡಿ, ಎಳೆದಾಡಬೇಡಿ. ಬಿದ್ದಲ್ಲೇ ಬಿಡಿ. ಮೇಲೆ ಟಾರ್ಪಾಲು ಹೊದಿಸಿ, ಸುತ್ತ ಮುಳ್ಳುಕಂಟಿ ಹಾಕಿ. ನಾಯಿ, ಕಾಗೆ, ಹಂದಿ ಹತ್ತಿರ ಬರಬಾರದು. ಉಳಿದ ದನಗಳನ್ನು ಆ ಜಾಗದಿಂದ ದೂರ ಕಟ್ಟಿ. ಮಕ್ಕಳನ್ನು ಆ ಕಡೆ ಬಿಡಬೇಡಿ. ಹತ್ತಿರದ ಪಶು ಆಸ್ಪತ್ರೆಗೆ ಫೋನ್ ಮಾಡಿ. ನಂಬರ್ ಇಲ್ಲದಿದ್ದರೆ 1962ಕ್ಕೆ ಕರೆ ಮಾಡಿ, ಅದು ಪಶುಗಳ ತುರ್ತು ಸೇವೆಯ ಸಂಖ್ಯೆ. "ಹಠಾತ್ ಸಾವು, ರಕ್ತ ಬರುತ್ತಿದೆ" ಎಂದು ಸ್ಪಷ್ಟವಾಗಿ ಹೇಳಿ. ಹಾಗೆ ಹೇಳಿದರೆ ಬರುವವರು ತಯಾರಾಗಿ ಬರುತ್ತಾರೆ.

ಈಗಾಗಲೇ ಮುಟ್ಟಿದ್ದರೆ ಸೋಪು ಹಚ್ಚಿ, ಹರಿಯುವ ನೀರಿನಲ್ಲಿ ಕೈಕಾಲು ಚೆನ್ನಾಗಿ ತೊಳೆಯಿರಿ. ಸ್ಯಾನಿಟೈಸರ್ ಸಾಕು ಅಂದುಕೊಳ್ಳಬೇಡಿ. ಈ ರೋಗದ ಬೀಜಕಣವನ್ನು ಆಲ್ಕೋಹಾಲ್ ಕೊಲ್ಲುವುದಿಲ್ಲ. ಸೋಪೂ ಕೊಲ್ಲುವುದಿಲ್ಲ, ಆದರೆ ಚರ್ಮದಿಂದ ತೊಳೆದು ಹಾಕುತ್ತದೆ.

ನೆರಡಿ, ಆಂಥ್ರಾಕ್ಸ್ ಎರಡೂ ಒಂದೇನಾ?

ಒಂದೇ. ನಮ್ಮಲ್ಲಿ ಪಶು ಇಲಾಖೆಯ ಲಸಿಕೆ ಪಟ್ಟಿಯಲ್ಲಿ ಇದಕ್ಕೆ ನೆರಡಿ ರೋಗ ಎಂಬ ಹೆಸರಿದೆ. ಆಂಥ್ರಾಕ್ಸ್ ಎಂಬುದು ಗ್ರೀಕ್ ಪದ. ಅರ್ಥ ಕಲ್ಲಿದ್ದಲು. ಮನುಷ್ಯರ ಚರ್ಮಕ್ಕೆ ಈ ರೋಗ ತಗುಲಿದಾಗ ಇದ್ದಿಲಿನಷ್ಟು ಕಪ್ಪಾದ ಹೆಕ್ಕಳೆ ಕಟ್ಟುತ್ತದೆ. ಹೆಸರು ಬಂದದ್ದು ಅದರಿಂದ.

ರೋಗಕ್ಕೆ ಕಾರಣ ಬ್ಯಾಸಿಲಸ್ ಆಂಥ್ರಾಸಿಸ್ ಎಂಬ ಬ್ಯಾಕ್ಟೀರಿಯಾ. ದನ, ಎಮ್ಮೆ, ಕುರಿ, ಮೇಕೆಗಳಂಥ ಮೇಯುವ ಪ್ರಾಣಿಗಳೇ ಇದಕ್ಕೆ ಮುಖ್ಯ ಗುರಿ. ಹಂದಿ, ನಾಯಿಗಳು ಸ್ವಲ್ಪ ತಡೆದುಕೊಳ್ಳುತ್ತವೆ. ಮನುಷ್ಯರಿಗೆ ಬರುವುದು ಹೆಚ್ಚಾಗಿ ಪ್ರಾಣಿಗಳಿಂದಲೇ.

ಈ ಬ್ಯಾಕ್ಟೀರಿಯಾ ಹೇಗಿರುತ್ತದೆ?

ಸೂಕ್ಷ್ಮದರ್ಶಕದಲ್ಲಿ ಕಡ್ಡಿಯ ಹಾಗೆ ಕಾಣುತ್ತದೆ. ಉದ್ದ 3ರಿಂದ 5 ಮೈಕ್ರೋಮೀಟರ್, ಅಂದರೆ ಒಂದು ಮಿಲಿಮೀಟರಿನ ಸಾವಿರ ಭಾಗದಲ್ಲಿ ಮೂರರಿಂದ ಐದು ಭಾಗ. ಕಡ್ಡಿಗಳು ಒಂದಕ್ಕೊಂದು ತುದಿ ಕೂಡಿಸಿಕೊಂಡು ಸರಪಳಿಯಾಗುತ್ತವೆ. ನೋಡಲು ಗಿಣ್ಣುಗಿಣ್ಣಿನ ಬಿದಿರಿನ ಹಾಗೆ. ಇದಕ್ಕೆ ಈಜುವ ಶಕ್ತಿ ಇಲ್ಲ. ಪ್ರಾಣಿಯ ರಕ್ತದಲ್ಲಿದ್ದಾಗ ಮೈಸುತ್ತ ಒಂದು ಕವಚ ಕಟ್ಟಿಕೊಳ್ಳುತ್ತದೆ. ಆ ಕವಚದಿಂದಾಗಿ ದೇಹದ ಕಾವಲು ಕಣಗಳು ಅದನ್ನು ನುಂಗಲಾರವು.

ಇದರ ಹತ್ತಿರದ ಸಂಬಂಧಿಗಳು ನಮಗೆ ಪರಿಚಯದವೇ. ಬಿ.ಟಿ. ಹತ್ತಿ ಎನ್ನುತ್ತೇವಲ್ಲ, ಆ ಬಿ.ಟಿ. ಎಂದರೆ ಬ್ಯಾಸಿಲಸ್ ಥುರಿಂಜಿಯೆನ್ಸಿಸ್. ಕಾಯಿಕೊರಕ ಹುಳುವನ್ನು ಕೊಲ್ಲುವ ವಿಷದ ಜೀನನ್ನು ಅದರಿಂದ ತೆಗೆದು ಹತ್ತಿಗೆ ಸೇರಿಸಿದ್ದಾರೆ. ಇನ್ನೊಂದು ಬ್ಯಾಸಿಲಸ್ ಸೀರಿಯಸ್. ಅನ್ನ ಮಾಡಿ ಗಂಟೆಗಟ್ಟಲೆ ಹೊರಗೇ ಇಟ್ಟು ತಿಂದರೆ ವಾಂತಿ ಆಗುತ್ತದಲ್ವಾ, ಎಷ್ಟೋ ಸಲ ಅದಕ್ಕೆ ಕಾರಣ ಇದೇ. ಮೂರೂ ಒಂದೇ ಮನೆತನ. ಆದರೆ ನೆರಡಿಯ ಬ್ಯಾಕ್ಟೀರಿಯಾ ಬಳಿ ಪ್ಲಾಸ್ಮಿಡ್ ಎಂಬ ಎರಡು ಹೆಚ್ಚುವರಿ ಡಿಎನ್‌ಎ ಉಂಗುರಗಳಿವೆ. ಒಂದರಲ್ಲಿ ವಿಷ ತಯಾರಿಸುವ ವಿದ್ಯೆ, ಇನ್ನೊಂದರಲ್ಲಿ ಕವಚ ಕಟ್ಟುವ ವಿದ್ಯೆ. ಎರಡೂ ಇದ್ದರೆ ಮಾತ್ರ ಅದು ಪೂರ್ತಿ ಅಪಾಯಕಾರಿ. ಲಸಿಕೆಯ ವಿಷಯ ಬಂದಾಗ ಈ ಮಾತು ನೆನಪಿರಲಿ.

ಬೀಜಕಣ ಎಂದರೇನು? ಅದು ಎಷ್ಟು ದಿನ ಬದುಕುತ್ತದೆ?

ದಿನದ ಲೆಕ್ಕ ಅಲ್ಲ, ದಶಕದ ಲೆಕ್ಕ.

ಆಹಾರ, ತೇವ ಸಿಗದ ಕಡೆ ಈ ಬ್ಯಾಕ್ಟೀರಿಯಾ ತನ್ನ ಸಾರವನ್ನೆಲ್ಲ ಒಂದು ಗಟ್ಟಿ ಗುಳಿಗೆಯೊಳಗೆ ಮುದುಡಿಸಿಟ್ಟುಕೊಳ್ಳುತ್ತದೆ. ಅದೇ ಬೀಜಕಣ. ಇಂಗ್ಲಿಷಿನಲ್ಲಿ ಸ್ಪೋರ್ ಎನ್ನುತ್ತಾರೆ. ಅದು ತಿನ್ನುವುದಿಲ್ಲ, ಬೆಳೆಯುವುದಿಲ್ಲ, ಸಾಯುವುದೂ ಇಲ್ಲ. ಬಿಸಿಲು, ಬರ, ಚಳಿ, ಸಾಧಾರಣ ಔಷಧಿ, ಎಲ್ಲವನ್ನೂ ತಡೆದುಕೊಂಡು ಮಣ್ಣಿನಲ್ಲಿ ಕಾಯುತ್ತದೆ. ಒಂದು ದಿನ ಹುಲ್ಲಿನ ಜೊತೆ ದನದ ಹೊಟ್ಟೆ ಸೇರಿದರೆ ಮತ್ತೆ ಮೊಳೆಯುತ್ತದೆ.

ಇದರ ಹಠ ಎಷ್ಟೆಂದು ತಿಳಿಯಲು ಸ್ಕಾಟ್ಲೆಂಡಿನ ಗ್ರೂನಾರ್ಡ್ ದ್ವೀಪದ ಕತೆ ಸಾಕು. ಎರಡನೇ ಮಹಾಯುದ್ಧದ ಕಾಲ. 1942 ಮತ್ತು 1943ರಲ್ಲಿ ಬ್ರಿಟಿಷ್ ವಿಜ್ಞಾನಿಗಳು ಅಲ್ಲಿ ಕುರಿಗಳನ್ನು ಕಟ್ಟಿ ಆಂಥ್ರಾಕ್ಸ್ ಬಾಂಬಿನ ಪರೀಕ್ಷೆ ನಡೆಸಿದರು. ಕುರಿಗಳು ಸತ್ತವು. ದ್ವೀಪಕ್ಕೆ ಯಾರೂ ಕಾಲಿಡದಂತೆ ಬಾಗಿಲು ಹಾಕಿದರು. ನಲವತ್ತು ವರ್ಷ ಕಳೆದರೂ ಮಣ್ಣಿನಲ್ಲಿ ಬೀಜಕಣ ಜೀವಂತವಾಗಿತ್ತು. 1986ರಲ್ಲಿ 280 ಟನ್ ಫಾರ್ಮಾಲ್ಡಿಹೈಡನ್ನು ಸಮುದ್ರದ ನೀರಿನಲ್ಲಿ ಕಲಸಿ ನೆಲಕ್ಕೆಲ್ಲ ಸುರಿದರು. ದ್ವೀಪ ಸುರಕ್ಷಿತ ಎಂದು ಘೋಷಿಸಿದ್ದು 1990ರಲ್ಲಿ. ಅದು ಇನ್ನೂರು ಹೆಕ್ಟೇರೂ ಇಲ್ಲದ ಚಿಕ್ಕ ದ್ವೀಪ. ಜನವಸತಿ ಇರಲಿಲ್ಲ, ಸರ್ಕಾರದ ಬಳಿ ದುಡ್ಡಿತ್ತು. ನಮ್ಮ ಗೋಮಾಳಕ್ಕೆ ಹೀಗೆ ಯಾರು ಮಾಡುತ್ತಾರೆ?

ಹೆಣ ಕೊಯ್ದರೆ ಅಷ್ಟೊಂದು ತೊಂದರೆ ಯಾಕೆ? ಪ್ರಾಣಿ ಹೇಗೂ ಸತ್ತಿದೆಯಲ್ಲ?

ಇಡೀ ರೋಗದ ಗುಟ್ಟು ಇಲ್ಲಿದೆ. ಸಾಯುವ ಹೊತ್ತಿಗೆ ಪ್ರಾಣಿಯ ಒಂದೊಂದು ಮಿಲಿಲೀಟರ್ ರಕ್ತದಲ್ಲೂ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರುತ್ತವೆ. ಆದರೆ ಅವು ಆಗ ಕಡ್ಡಿಯ ರೂಪದಲ್ಲಿವೆ, ಇನ್ನೂ ಬೀಜಕಣವಾಗಿಲ್ಲ. ಬೀಜಕಣವಾಗಲು ಅವಕ್ಕೆ ಗಾಳಿಯಲ್ಲಿರುವ ಆಮ್ಲಜನಕ ಬೇಕು. ಮುಚ್ಚಿದ ಹೆಣದೊಳಗೆ ಅದು ಸಿಗುವುದಿಲ್ಲ.

ಅಲ್ಲಿ ಇನ್ನೊಂದು ಕೆಲಸವೂ ನಡೆಯುತ್ತಿರುತ್ತದೆ. ಹೊಟ್ಟೆಯಲ್ಲಿರುವ ಬೇರೆ ಬ್ಯಾಕ್ಟೀರಿಯಾಗಳು ಹೆಣವನ್ನು ಕೊಳೆಸುತ್ತವೆ. ಆ ಕೊಳೆತದಲ್ಲಿ ನೆರಡಿಯ ಕಡ್ಡಿಗಳು ಉಳಿಯಲಾರವು. ನಮ್ಮಂಥ ಬಿಸಿ ಊರುಗಳಲ್ಲಿ ಮೂರು ನಾಲ್ಕು ದಿನಗಳಲ್ಲಿ ಹೆಣದೊಳಗಿನ ಬಹುಪಾಲು ಬ್ಯಾಕ್ಟೀರಿಯಾ ತಾವಾಗಿಯೇ ಸಾಯುತ್ತವೆ. ನಾವು ಏನೂ ಮಾಡದೆ ಸುಮ್ನೆ ಇದ್ದರೆ ಹೆಣವೇ ರೋಗವನ್ನು ಮುಗಿಸುತ್ತದೆ!

ಚಾಕು ಹಾಕಿದ ಕ್ಷಣ ಇದೆಲ್ಲ ತಲೆಕೆಳಗಾಗುತ್ತದೆ. ರಕ್ತ ನೆಲಕ್ಕೆ ಬೀಳುತ್ತದೆ, ಗಾಳಿ ತಾಗುತ್ತದೆ. ಸತ್ತೇಹೋಗಬೇಕಿದ್ದ ಬ್ಯಾಕ್ಟೀರಿಯಾ ಬೀಜಕಣವಾಗಿ ಮಣ್ಣು ಸೇರುತ್ತದೆ. ಮೂಗು, ಬಾಯಿ, ಗುದದಿಂದ ಸೋರುವ ರಕ್ತವೇ ಸಾಕಷ್ಟು ಅಪಾಯ. ಅದರ ಮೇಲೆ ನಾವೂ ಹೆಣ ಬಗೆದರೆ ಆ ಜಾಗ ಮಕ್ಕಳ ಕಾಲಕ್ಕೂ ಶುದ್ಧವಾಗುವುದಿಲ್ಲ. ಹತ್ತೊಂಬತ್ತನೇ ಶತಮಾನದ ಫ್ರಾನ್ಸಿನ ಬೋಸ್ ಸೀಮೆಯಲ್ಲಿ ಕೆಲವು ಹೊಲಗಳನ್ನು 'ಶಾಪದ ಹೊಲ' ಎನ್ನುತ್ತಿದ್ದರು. ಅಲ್ಲಿ ಕುರಿ ಬಿಟ್ಟರೆ ಸಾಯುತ್ತಿದ್ದವು. ಲೂಯಿ ಪಾಶ್ಚರ್ ಹೋಗಿ ನೋಡಿದಾಗ ತಿಳಿದದ್ದು, ಶಾಪವೆಂದರೆ ಹಿಂದೆ ಹೂಳಿದ್ದ ಕುರಿಗಳ ಹೆಣ. ಎರೆಹುಳುಗಳು ಬೀಜಕಣಗಳನ್ನು ಮೇಲೆ ತರುತ್ತವೆ ಎಂದು ಅವರು ಹೇಳಿದರು.

ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. ಸತ್ತ ದನ ಸಾಗಿಸಲು, ಚರ್ಮ ಸುಲಿಯಲು ಊರಿನವರು ಯಾರನ್ನು ಕರೆಯುತ್ತಾರೋ ಅವರೇ ಈ ರೋಗಕ್ಕೆ ಮೊದಲು ಸಿಗುವವರು. ಸಾವು ಹೇಗಾಯಿತೆಂದು ಹೇಳದೆ ಅವರ ಕೈಗೆ ಹೆಣ ಒಪ್ಪಿಸುವುದು ಘೋರ ಅನ್ಯಾಯ. ಅವರ ಜೀವವೂ ಜೀವವೇ.

ದನ ಕುರಿಗಳಿಗೆ ಇದು ಹೇಗೆ ತಗಲುತ್ತದೆ?

ಮುಖ್ಯವಾಗಿ ಮೇಯುವಾಗ. ಬೀಜಕಣ ಹತ್ತಿದ ಹುಲ್ಲು, ಮಣ್ಣು, ನೀರು ಹೊಟ್ಟೆಗೆ ಹೋಗುತ್ತದೆ. ಸುಣ್ಣದಂಶ ಮತ್ತು ಸಾವಯವ ಅಂಶ ಜಾಸ್ತಿ ಇರುವ, ಸ್ವಲ್ಪ ಕ್ಷಾರೀಯ ಮಣ್ಣಿನಲ್ಲಿ ಬೀಜಕಣ ಚೆನ್ನಾಗಿ ಉಳಿಯುತ್ತದೆ. ನೀರು ಹರಿದು ಬಂದು ನಿಲ್ಲುವ ತಗ್ಗು ಜಾಗಗಳಲ್ಲಿ ಸೇರಿಕೊಳ್ಳುತ್ತದೆ. ಕೆರೆಯಂಗಳ, ಹಳ್ಳದ ದಂಡೆ ಅಂಥವು.

ಬರದ ಕೊನೆಯಲ್ಲಿ ಹುಲ್ಲು ಗಿಡ್ಡವಾಗಿರುತ್ತದೆ. ಹಸಿದ ಕುರಿ ಬುಡದವರೆಗೆ ಕಿತ್ತು ತಿನ್ನುತ್ತದೆ, ಜೊತೆಗೆ ಮಣ್ಣೂ ಹೋಗುತ್ತದೆ. ಒಣಕಡ್ಡಿ ಬಾಯಿಗೆ ಗೀರಿದರೆ ಆ ಗಾಯವೂ ದಾರಿಯಾಗುತ್ತದೆ. ಆಮೇಲೆ ಜೋರು ಮಳೆ ಬಂದರೆ ಕೆಳಗಿದ್ದ ಬೀಜಕಣಗಳು ಮೇಲೆ ಬರುತ್ತವೆ. ಹಾಗಾಗಿ ಒಣ ಬೇಸಿಗೆಯ ನಂತರದ ಮೊದಲ ಮಳೆಗಳ ಹೊತ್ತು ಹುಷಾರಾಗಿರಬೇಕು. ಹೆಣದ ಮೇಲೆ ಕೂತ ನೊಣಗಳು ಹತ್ತಿರದ ಪೊದೆಯ ಎಲೆಗಳ ಮೇಲೆ ರಕ್ತದ ಹನಿ ಕಕ್ಕುತ್ತವೆ. ಚಿಗುರು ಮೇಯುವ ಮೇಕೆಗಳಿಗೆ ಹಾಗೂ ಬರಬಹುದು.

ಯಲಹಂಕದಲ್ಲಿ ಪಶುರೋಗಗಳ ಮುನ್ಸೂಚನೆಗಾಗಿಯೇ 'ನಿವೇದಿ' ಎಂಬ ರಾಷ್ಟ್ರೀಯ ಸಂಸ್ಥೆ ಇದೆ. ಹವಾಮಾನ ಮತ್ತು ಹಳೆಯ ದಾಖಲೆ ನೋಡಿ, ಯಾವ ಜಿಲ್ಲೆಯಲ್ಲಿ ಯಾವ ರೋಗ ಬರಬಹುದು ಎಂದು ಅವರು ಮುಂಚಿತವಾಗಿ ಎಚ್ಚರಿಸುತ್ತಾರೆ. ಆ ಪಟ್ಟಿಯಲ್ಲಿ ನೆರಡಿಯೂ ಇದೆ.

ಲಕ್ಷಣಗಳೇನು? ಚಪ್ಪೆ ಬೇನೆ, ಗಳಲೆ ರೋಗಕ್ಕೂ ಇದಕ್ಕೂ ವ್ಯತ್ಯಾಸ ಹೇಗೆ?

ಎಷ್ಟೋ ಸಲ ಲಕ್ಷಣ ನೋಡಲು ಸಮಯವೇ ಸಿಗುವುದಿಲ್ಲ. ಕುರಿ ನಿಂತಲ್ಲೇ ನಡುಗಿ, ಏದುಸಿರು ಬಿಟ್ಟು, ಬಿದ್ದು ಸಾಯುತ್ತದೆ. ದನ, ಎಮ್ಮೆಗಳಲ್ಲಿ ಕೆಲವು ಸಲ ಒಂದೆರಡು ದಿನ ಸಿಗುತ್ತದೆ. ಜೋರು ಜ್ವರ, ಮೆಲುಕು ನಿಲ್ಲುವುದು, ಹಾಲು ಬತ್ತುವುದು, ಗಂಟಲು ಎದೆ ಊದುವುದು ಕಾಣಬಹುದು.

ಸತ್ತ ಮೇಲಿನ ಗುರುತು ಹೆಚ್ಚು ಮುಖ್ಯ. ಮೂಗು, ಬಾಯಿ, ಗುದದಿಂದ ಟಾರಿನಂಥ ಕಪ್ಪು ರಕ್ತ ಬರುತ್ತದೆ. ಆ ರಕ್ತ ಹೆಪ್ಪುಗಟ್ಟುವುದಿಲ್ಲ. ಹೆಣ ಸೆಟೆದುಕೊಳ್ಳುವುದಿಲ್ಲ ಅಥವಾ ಅರ್ಧಂಬರ್ಧ ಸೆಟೆಯುತ್ತದೆ. ಹೊಟ್ಟೆ ಬೇಗ ಉಬ್ಬುತ್ತದೆ. ಆದರೆ ಎಲ್ಲ ಸಾವಿನಲ್ಲೂ ರಕ್ತ ಕಂಡೇ ಕಾಣುತ್ತದೆ ಎಂದಿಲ್ಲ.

ಚಪ್ಪೆ ಬೇನೆಯಲ್ಲಿ ತೊಡೆ ಅಥವಾ ಭುಜ ಊದಿ, ಒತ್ತಿದರೆ ಚರಚರ ಸದ್ದು ಬರುತ್ತದೆ. ಗಳಲೆಯಲ್ಲಿ ಗಂಟಲು ಊದಿ ಗೊರಗೊರ ಉಸಿರು ಬರುತ್ತದೆ. ಸಿಡಿಲು, ಹಾವು, ಜೋಳದ ಕೂಳೆಯ ವಿಷ, ಕುರಿಗಳ ಕರುಳು ಬೇನೆ ಇವೂ ಹಠಾತ್ತಾಗಿ ಕೊಲ್ಲುತ್ತವೆ. ನೋಡಿದ ತಕ್ಷಣ ಇದೇ ಅಂತ ಹೇಳುವುದು ಅನುಭವಿ ವೈದ್ಯರಿಗೂ ಕಷ್ಟ. ಆದ್ದರಿಂದ ಅನುಮಾನ ಇದ್ದಾಗ ನೆರಡಿ ಎಂದೇ ತಿಳಿದು ನಡೆದುಕೊಳ್ಳಿ.

ಇಷ್ಟು ಬೇಗ ಹೇಗೆ ಕೊಲ್ಲುತ್ತದೆ?

ಬ್ಯಾಕ್ಟೀರಿಯಾ ಮೂರು ಪ್ರೋಟೀನುಗಳನ್ನು ಬಿಡುತ್ತದೆ. ಒಂದು, ಜೀವಕೋಶದ ಗೋಡೆಗೆ ಕನ್ನ ಕೊರೆಯುತ್ತದೆ. ಇನ್ನೆರಡು ಆ ಕನ್ನದಿಂದ ಒಳನುಗ್ಗುತ್ತವೆ. ಒಳಹೋದವುಗಳಲ್ಲಿ ಒಂದು ಕೋಶದ ನೀರಿನ ಹದ ಕೆಡಿಸಿ ಊತ ತರುತ್ತದೆ. ಇನ್ನೊಂದು ಕೋಶದೊಳಗಿನ ಸಂದೇಶದ ಎಳೆಗಳನ್ನು ಕತ್ತರಿಸುತ್ತದೆ. ಕಾವಲು ಕಣಗಳೇ ಮೊದಲು ಬೀಳುತ್ತವೆ. ಆಮೇಲೆ ರಕ್ತನಾಳ ಸೋರುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ತಡವಾಗಿ ಔಷಧಿ ಕೊಟ್ಟರೆ ಬ್ಯಾಕ್ಟೀರಿಯಾ ಸತ್ತರೂ ಪ್ರಾಣಿ ಸಾಯುವುದು ಇದಕ್ಕೇ. ಅಷ್ಟರಲ್ಲಿ ವಿಷ ಮೈಯೆಲ್ಲ ಸೇರಿರುತ್ತದೆ.

ಪೋಸ್ಟ್‌ಮಾರ್ಟಂ ಇಲ್ಲದೆ ರೋಗ ಖಚಿತವಾಗುವುದು ಹೇಗೆ? ಪರಿಹಾರಕ್ಕೆ ವರದಿ ಬೇಕಲ್ಲ?

ಕಿವಿಯ ರಕ್ತನಾಳದಿಂದ ಒಂದು ಹನಿ ರಕ್ತ ಸಾಕು. ವೈದ್ಯರು ಅದನ್ನು ಗಾಜಿನ ಪಟ್ಟಿಯ ಮೇಲೆ ಸವರಿ, ಮೆಥಿಲೀನ್ ಬ್ಲೂ ಬಣ್ಣ ಹಾಕಿ ನೋಡುತ್ತಾರೆ. ನೀಲಿ ಕಡ್ಡಿಗಳು, ಅವುಗಳ ಸುತ್ತ ಗುಲಾಬಿ ಬಣ್ಣದ ಕವಚ ಕಂಡರೆ ನೆರಡಿ. 1903ರಲ್ಲಿ ಮ್ಯಾಕ್‌ಫ್ಯಾಡಿಯನ್ ಎಂಬ ಪಶುವೈದ್ಯರು ತೋರಿಸಿಕೊಟ್ಟ ಈ ಪರೀಕ್ಷೆ ಇಂದಿಗೂ ಉಪಯೋಗದಲ್ಲಿದೆ. ಮಾದರಿಯನ್ನು ಪ್ರಯೋಗಾಲಯಕ್ಕೂ ಕಳಿಸುತ್ತಾರೆ.

ವಿಮೆ ಅಥವಾ ಅನುಗ್ರಹ ಯೋಜನೆಯ ಪರಿಹಾರಕ್ಕೆ ಪೋಸ್ಟ್‌ಮಾರ್ಟಂ ವರದಿ ಬೇಕೆಂದು ಕೆಲವರು ತಾವೇ ಹೆಣ ಬಗೆಯಲು ಮುಂದಾಗುತ್ತಾರೆ, ಅಥವಾ ವೈದ್ಯರ ಮೇಲೆ ಒತ್ತಡ ಹಾಕುತ್ತಾರೆ. ಅವರ ಕಷ್ಟ ಅರ್ಥವಾಗುತ್ತದೆ. ಒಂದು ಎಮ್ಮೆ ಹೋದರೆ ಆ ಮನೆಯ ಸಂಸಾರವೇ ಅಲುಗುತ್ತದೆ. ಆದರೂ ರಕ್ತದ ಪರೀಕ್ಷೆ ಆಗದೆ ಹೆಣ ತೆರೆಯಿಸಬೇಡಿ. ಪರಿಹಾರದ ಕಾಗದದಲ್ಲಿ ಏನು ಬರೆಯಬೇಕು, ಯಾವ ವರದಿ ಲಗತ್ತಿಸಬೇಕು ಎಂಬುದನ್ನು ಪಶುವೈದ್ಯರನ್ನೇ ಕೇಳಿ.

ಹೂಳಬೇಕಾ, ಸುಡಬೇಕಾ? ಸುಣ್ಣ ಹಾಕಬೇಕಾ?

ಪೂರ್ತಿ ಬೂದಿಯಾಗುವ ಹಾಗೆ ಸುಡುವುದು ಎಲ್ಲಕ್ಕಿಂತ ಒಳ್ಳೆಯದು. ರಕ್ತ ಬಿದ್ದ ಮಣ್ಣು, ಹಾಸಿದ ಹುಲ್ಲು, ಉಳಿದ ಮೇವು ಎಲ್ಲವನ್ನೂ ಅದರ ಜೊತೆಗೇ ಸುಡಬೇಕು. ಆದರೆ ಎಮ್ಮೆಯೊಂದನ್ನು ಪೂರ್ತಿ ಸುಡಲು ಸೌದೆ ರಾಶಿಗಟ್ಟಲೆ ಬೇಕು. ಎಲ್ಲ ಕಡೆ ಆಗುವ ಮಾತಲ್ಲ. ಆಗದಿದ್ದರೆ ಆಳವಾಗಿ ಹೂಳುವುದೇ ದಾರಿ. ಕೆರೆ, ಬಾವಿ, ಹಳ್ಳದಿಂದ ದೂರ, ಕನಿಷ್ಠ ಆರಡಿ ಗುಂಡಿ, ಸಾಧ್ಯವಾದಷ್ಟು ಸತ್ತ ಜಾಗಕ್ಕೆ ಹತ್ತಿರ. ಮೇಲೆ ಕಲ್ಲು ಪೇರಿಸಿ, ಬೇಲಿ ಹಾಕಿ.

ಸುಣ್ಣದ ವಿಷಯದಲ್ಲಿ ಎರಡು ಮಾತಿದೆ. ನಮ್ಮಲ್ಲಿ ಹೆಣ ಹೂಳುವಾಗ ಸುಣ್ಣ ಹಾಕುವುದು ರೂಢಿ. ಬೇರೆ ರೋಗಗಳಿಗೆ ಅದು ಸರಿ. ಆದರೆ ನೆರಡಿಗೆ ಸುಣ್ಣ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2008ರ ಮಾರ್ಗಸೂಚಿ ಹೇಳುತ್ತದೆ. ಸುಣ್ಣದ ಕ್ಯಾಲ್ಸಿಯಂ ಬೀಜಕಣ ಉಳಿಯಲು ನೆರವಾಗಬಹುದು ಎಂಬುದು ಕಾರಣ. ನಾನು ಆ ಮಾತಿನ ಕಡೆಗೇ ಇದ್ದೇನೆ. ಸ್ಥಳಕ್ಕೆ ಬಂದ ವೈದ್ಯರ ಜೊತೆ ಇದನ್ನು ಮಾತಾಡಿ, ಅವರು ಹೇಳಿದಂತೆ ಮಾಡಿ. ಫಾರ್ಮಾಲಿನ್ ಸಿಂಪಡಿಸುವುದು ಅವರ ಕೆಲಸ, ನೀವು ಕೈಹಾಕಬೇಡಿ.

ಚೆನ್ನಾಗಿ ಬೇಯಿಸಿದರೆ ಆ ಮಾಂಸ ತಿನ್ನಬಹುದಾ?

ಬೇಡ. ಅಡುಗೆಮನೆಯ ಬೇಯಿಸುವಿಕೆಯನ್ನು ನಂಬಿ ಕೂರುವಂತಿಲ್ಲ. ಅದಕ್ಕಿಂತ ಮೊದಲೇ, ಕೊಯ್ಯುವಾಗ, ಹಂಚುವಾಗ, ತೊಳೆಯುವಾಗ ಕೈಗೆ ತಗುಲಿರುತ್ತದೆ. ಒಂದೇ ಪ್ರಾಣಿಯ ಮಾಂಸ ಹಂಚಿಕೊಂಡ ಹತ್ತಾರು ಜನ ಒಟ್ಟಿಗೆ ಕಾಯಿಲೆ ಬೀಳುವುದು ಈ ರೋಗದ ಹಳೆಯ ಚಾಳಿ. ಕಾಯಿಲೆ ಬಿದ್ದ ಕುರಿಯನ್ನು ಸಾಯುವ ಮುಂಚೆ ಕೊಯ್ದುಬಿಟ್ಟರೆ ನಷ್ಟ ತಪ್ಪುತ್ತದೆ ಎಂಬ ಲೆಕ್ಕಾಚಾರವೂ ಅಷ್ಟೇ ಅಪಾಯ. ರೋಗದ ಪ್ರಾಣಿಯ ಹಾಲನ್ನೂ ಬಳಸಬೇಡಿ, ಕರುವಿಗೂ ಕುಡಿಸಬೇಡಿ.

ಮನುಷ್ಯರಿಗೆ ಬಂದರೆ ಹೇಗೆ ಗೊತ್ತಾಗುತ್ತದೆ?

ನೂರರಲ್ಲಿ 95ಕ್ಕೂ ಹೆಚ್ಚು ಜನರಿಗೆ ಬರುವುದು ಚರ್ಮದ ಆಂಥ್ರಾಕ್ಸ್. ಕೈ, ತೋಳು, ಕುತ್ತಿಗೆ, ಮುಖದ ಮೇಲಿನ ಚಿಕ್ಕ ಗಾಯದೊಳಗೆ ಬೀಜಕಣ ಸೇರುತ್ತದೆ. ಸಾಮಾನ್ಯವಾಗಿ ಒಂದು ವಾರದೊಳಗೆ ಸೊಳ್ಳೆ ಕಚ್ಚಿದ ಹಾಗೆ ತುರಿಸುವ ಗುಳ್ಳೆ ಏಳುತ್ತದೆ. ಅದು ನೀರ್ಗುಳ್ಳೆಯಾಗಿ, ಒಡೆದು, ನಡುವೆ ಕಪ್ಪು ಹೆಕ್ಕಳೆ ಕಟ್ಟುತ್ತದೆ. ಸುತ್ತ ಊತ ಜಾಸ್ತಿ. ವಿಚಿತ್ರವೆಂದರೆ ಆ ಹುಣ್ಣು ನೋಯುವುದಿಲ್ಲ. ನೋವಿಲ್ಲವಲ್ಲ ಎಂದು ಜನ ಸುಮ್ಮನಾಗುತ್ತಾರೆ. ಮೋಸವಾಗುವುದು ಅಲ್ಲೇ. ಚಿಕಿತ್ಸೆ ಇಲ್ಲದಿದ್ದರೆ ನೂರರಲ್ಲಿ 20 ಜನರವರೆಗೂ ಸಾಯಬಹುದು. ಸಮಯಕ್ಕೆ ಔಷಧಿ ಸಿಕ್ಕರೆ ಸಾವು ಬಹಳ ಅಪರೂಪ.

ಮಾಂಸ ತಿಂದು ಬಂದರೆ ಜ್ವರ, ಹೊಟ್ಟೆನೋವು, ರಕ್ತವಾಂತಿ, ರಕ್ತಭೇದಿ, ಕೆಲವರಿಗೆ ಗಂಟಲು ಊತ. ಉಸಿರಿನ ಮೂಲಕ ಬಂದರೆ ಮೊದಲು ಸಾಧಾರಣ ಫ್ಲೂ ಹಾಗಿದ್ದು, ನಂತರ ಇದ್ದಕ್ಕಿದ್ದಂತೆ ಉಸಿರು ಕಟ್ಟುತ್ತದೆ. ಇದು ಬಹಳ ಅಪರೂಪ, ಬಹಳ ಕ್ರೂರ. ಯಾವ ದಾರಿಯಿಂದ ಬಂದರೂ ರಕ್ತಕ್ಕೆ ಸೇರಿ ಮಿದುಳಿನ ಪೊರೆಗೆ ತಲುಪಿದರೆ ಉಳಿಸುವುದು ಕಷ್ಟ.

ಆಸ್ಪತ್ರೆಗೆ ಹೋದಾಗ ಒಂದು ಮಾತು ತಪ್ಪದೆ ಹೇಳಿ: "ನಮ್ಮ ಮನೆಯಲ್ಲಿ ಇತ್ತೀಚೆಗೆ ದನ ಸತ್ತಿದೆ, ನಾನು ಮುಟ್ಟಿದ್ದೆ." ಪೇಟೆಯ ವೈದ್ಯರಿಗೆ ಈ ರೋಗ ತಕ್ಷಣ ಹೊಳೆಯದೇ ಇರಬಹುದು. ಆ ಒಂದು ವಾಕ್ಯ ಅವರಿಗೆ ದಾರಿ ತೋರಿಸುತ್ತದೆ.

ಒಬ್ಬರಿಂದ ಒಬ್ಬರಿಗೆ ಹರಡುತ್ತದಾ?

ಫ್ಲೂ, ಕೊರೊನಾ ಹಾಗೆ ಹರಡುವುದಿಲ್ಲ. ಚರ್ಮದ ಹುಣ್ಣನ್ನು ಬರಿಗೈಯಲ್ಲಿ ಮುಟ್ಟಿ ತಗುಲಿದ್ದು ತೀರಾ ಅಪರೂಪ. ರೋಗ ಬಂದವರನ್ನು ದೂರವಿಡುವ ಅಗತ್ಯವಿಲ್ಲ. ದಯವಿಟ್ಟು ಅವರನ್ನು ಊರ ಹೊರಗೆ ಮಲಗಿಸಬೇಡಿ.

ಔಷಧಿ ಇದೆಯಾ?

ಇದೆ, ಹೊಸದೇನೂ ಅಲ್ಲ. ಪೆನ್ಸಿಲಿನ್, ಡಾಕ್ಸಿಸೈಕ್ಲಿನ್, ಸಿಪ್ರೋಫ್ಲಾಕ್ಸಸಿನ್ ಇವುಗಳಿಗೆ ಈ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಬಗ್ಗುತ್ತದೆ. ಯಾವುದು, ಎಷ್ಟು ದಿನ ಎಂಬುದನ್ನು ವೈದ್ಯರೇ ಹೇಳಬೇಕು. ಬೀಜಕಣ ಉಸಿರಿನೊಳಗೆ ಹೋಗಿರಬಹುದೆಂಬ ಶಂಕೆ ಇದ್ದವರಿಗೆ 60 ದಿನ ಮಾತ್ರೆ ಕೊಡುತ್ತಾರೆ. ಅದು ಶ್ವಾಸಕೋಶದಲ್ಲಿ ವಾರಗಟ್ಟಲೆ ಸುಮ್ಮನೆ ಕೂತು ಆಮೇಲೆ ಮೊಳೆಯಬಲ್ಲದು. ದನಗಳಿಗೂ ಜ್ವರ ಕಂಡ ಕೂಡಲೇ ಪೆನ್ಸಿಲಿನ್ ಕೊಟ್ಟರೆ ಉಳಿಯುವ ಸಾಧ್ಯತೆ ಇದೆ.

ಲಸಿಕೆ ಯಾವಾಗ, ಯಾರಿಗೆ? ಅದು ಬಂದದ್ದು ಹೇಗೆ?

ರೋಗ ಹಿಂದೆ ಕಂಡ ಊರುಗಳಲ್ಲಿ ದನ, ಎಮ್ಮೆ, ಕುರಿ, ಮೇಕೆಗಳಿಗೆ ವರ್ಷಕ್ಕೊಮ್ಮೆ, ಅಪಾಯದ ಕಾಲಕ್ಕೆ ಮೊದಲೇ ಹಾಕಿಸಬೇಕು. ಚರ್ಮದ ಕೆಳಗೆ ಕೊಡುವ ಚುಚ್ಚುಮದ್ದು. ಶಕ್ತಿ ಬರಲು ಒಂದೆರಡು ವಾರ ಬೇಕು. ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲೇ ಈ ಲಸಿಕೆ ತಯಾರಾಗುತ್ತದೆ. ಎಲ್ಲಿಂದಲೋ ತರಿಸಬೇಕಾದ ವಸ್ತುವಲ್ಲ.

ಒಂದು ಎಚ್ಚರಿಕೆ. ಇದು ಜೀವಂತ ಬೀಜಕಣದ ಲಸಿಕೆ. ಪೆನ್ಸಿಲಿನ್‌ನಂಥ ಔಷಧಿ ನಡೆಯುತ್ತಿರುವಾಗ ಹಾಕಿಸಿದರೆ ಲಸಿಕೆಯೇ ಸತ್ತುಹೋಗುತ್ತದೆ. ಯಾವುದಾದರೂ ಔಷಧಿ ಕೊಡುತ್ತಿದ್ದರೆ ಲಸಿಕೆ ಹಾಕುವವರಿಗೆ ಮುಂಚೆಯೇ ತಿಳಿಸಿ. ಲಸಿಕೆಯಿಂದ ರೋಗ ಬರುತ್ತದೆ ಎಂಬ ಹೆದರಿಕೆ ಬೇಡ. ಇದರ ಬ್ಯಾಕ್ಟೀರಿಯಾ ಕವಚದ ಪ್ಲಾಸ್ಮಿಡ್ ಕಳೆದುಕೊಂಡಿದೆ. ವಿಷದ ರುಚಿ ತೋರಿಸಿ ದೇಹವನ್ನು ಎಚ್ಚರಿಸುತ್ತದೆ, ಆದರೆ ಕವಚ ಇಲ್ಲದ್ದರಿಂದ ತಾನು ಉಳಿಯಲಾರದು. ದಕ್ಷಿಣ ಆಫ್ರಿಕಾದ ಒಂಡರ್‌ಸ್ಟೆಪೋರ್ಟ್‌ನಲ್ಲಿ ಮ್ಯಾಕ್ಸ್ ಸ್ಟರ್ನ್ 1930ರ ದಶಕದಲ್ಲಿ ಹುಡುಕಿದ ತಳಿ ಅದು. ಹೆಸರು 34ಎಫ್2. ಜಗತ್ತಿನ ಹೆಚ್ಚಿನ ದೇಶಗಳ ದನಗಳಿಗೆ ಈಗಲೂ ಕೊಡುವುದು ಅದನ್ನೇ.

ಅದಕ್ಕೂ ಐವತ್ತು ವರ್ಷ ಹಿಂದೆ ಪಾಶ್ಚರ್ ಇದಕ್ಕಾಗಿ ಬಹಿರಂಗ ಪರೀಕ್ಷೆಗೇ ಇಳಿದಿದ್ದರು. 1881ರ ಮೇ ತಿಂಗಳು, ಪ್ಯಾರಿಸ್ ಹತ್ತಿರದ ಪುಯಿ-ಲೆ-ಫೋರ್ ಎಂಬ ಹಳ್ಳಿ. 24 ಕುರಿ, ಒಂದು ಮೇಕೆ, 6 ದನಗಳಿಗೆ ಎರಡು ಸಲ ಲಸಿಕೆ ಹಾಕಿದರು. ಇನ್ನೊಂದು ಗುಂಪಿಗೆ ಹಾಕಲಿಲ್ಲ. ಮೇ 31ರಂದು ಎಲ್ಲಕ್ಕೂ ರೋಗದ ಬ್ಯಾಕ್ಟೀರಿಯಾ ಚುಚ್ಚಿದರು. ಜೂನ್ 2ಕ್ಕೆ ಜನ ಬಂದು ನೋಡಿದಾಗ ಲಸಿಕೆ ಇಲ್ಲದ ಕುರಿಗಳು ಸತ್ತು ಸಾಲಾಗಿ ಮಲಗಿದ್ದವು, ಉಳಿದಿದ್ದವು ಅವರೆದುರೇ ಬಿದ್ದವು. ಲಸಿಕೆ ಪಡೆದವು ನಿಂತಿದ್ದವು. ಲಸಿಕೆಯ ಮೇಲೆ ರೈತರಿಗೆ ನಂಬಿಕೆ ಹುಟ್ಟಿಸಿದ್ದು ಪುಸ್ತಕವಲ್ಲ, ಆ ಕೊಟ್ಟಿಗೆಯ ನೋಟ.

ಮನುಷ್ಯರಿಗೂ ಬೇರೆ ಲಸಿಕೆ ಇದೆ. ಅದು ಪ್ರಯೋಗಾಲಯದವರಿಗೆ, ಸೈನಿಕರಿಗೆ ಕೊಡುವಂಥದ್ದು. ಊರಿನವರಿಗೆ ರಕ್ಷಣೆ ಎಂದರೆ ದನಗಳಿಗೆ ಲಸಿಕೆ.

ಈ ಬ್ಯಾಕ್ಟೀರಿಯಾವನ್ನು ಕಂಡುಹಿಡಿದವರು ಯಾರು?

ಸತ್ತ ಕುರಿಗಳ ರಕ್ತದಲ್ಲಿ ಕಡ್ಡಿಗಳನ್ನು ಹಲವರು ಮೊದಲೇ ನೋಡಿದ್ದರು. ಅವೇ ರೋಗಕ್ಕೆ ಕಾರಣ ಎಂದು ಸಾಧಿಸಿದ್ದು 1876ರಲ್ಲಿ, ರಾಬರ್ಟ್ ಕೋಕ್. ಆಗ ಅವರು ವೋಲ್‌ಸ್ಟೈನ್ ಎಂಬ ಸಣ್ಣ ಊರಿನ ಸರ್ಕಾರಿ ವೈದ್ಯರು. ದೊಡ್ಡ ಪ್ರಯೋಗಾಲಯ ಇರಲಿಲ್ಲ. ಎತ್ತಿನ ಕಣ್ಣಿನ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ, ಕಡ್ಡಿ ಬೀಜಕಣವಾಗುವುದನ್ನೂ ಬೀಜಕಣ ಮತ್ತೆ ಕಡ್ಡಿಯಾಗುವುದನ್ನೂ ನೋಡಿದರು. ಒಂದು ರೋಗಕ್ಕೆ ಒಂದು ಸೂಕ್ಷ್ಮಾಣುವೇ ಕಾರಣ ಎಂದು ಪೂರ್ತಿಯಾಗಿ ತೋರಿಸಿಕೊಟ್ಟ ಮೊದಲ ಉದಾಹರಣೆಗಳಲ್ಲಿ ಇದು ಮುಖ್ಯವಾದದ್ದು.

ಕಂಬಳಿ, ಉಣ್ಣೆ, ಚರ್ಮದಿಂದ ಬರಬಹುದಾ?

ಆರೋಗ್ಯವಾಗಿರುವ ಕುರಿಯ ಉಣ್ಣೆಯಿಂದ ನೇಯ್ದ ಕಂಬಳಿಗೆ ಹೆದರಬೇಕಿಲ್ಲ. ಆದರೆ ಹಠಾತ್ತಾಗಿ ಸತ್ತ ಕುರಿಯ ಉಣ್ಣೆ ಕತ್ತರಿಸಲೇಬಾರದು. ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡ್ ಗಿರಣಿಗಳಿಗೆ ಹೊರದೇಶಗಳಿಂದ ಉಣ್ಣೆ, ಕೂದಲು ಬರುತ್ತಿತ್ತು. ಮೂಟೆ ಬಿಚ್ಚಿ ವಿಂಗಡಿಸುವ ಕಾರ್ಮಿಕರು ಧೂಳು ಉಸಿರಾಡಿ ಸಾಯುತ್ತಿದ್ದರು. ಅದಕ್ಕೆ 'ಉಣ್ಣೆ ವಿಂಗಡಿಸುವವರ ರೋಗ' ಎಂದೇ ಹೆಸರು ಬಿತ್ತು. ಅದು ಆಂಥ್ರಾಕ್ಸ್ ಎಂದು ತೋರಿಸಿದವರು ಅಲ್ಲಿನ ವೈದ್ಯ ಜಾನ್ ಹೆನ್ರಿ ಬೆಲ್. 1919ರಲ್ಲಿ ಬ್ರಿಟನ್ ಇದಕ್ಕಾಗಿಯೇ ಕಾನೂನು ಮಾಡಿ, ಅಪಾಯದ ಉಣ್ಣೆಯನ್ನು ಬಂದರಿನಲ್ಲೇ ಶುದ್ಧಮಾಡಲು ಶುರುಮಾಡಿತು.

ಆಂಥ್ರಾಕ್ಸ್ ಎಂದರೆ ಭಯೋತ್ಪಾದಕರ ಅಸ್ತ್ರ ಅಲ್ವಾ?

2001ರಲ್ಲಿ ಅಮೆರಿಕದಲ್ಲಿ ಬೀಜಕಣದ ಪುಡಿ ತುಂಬಿದ ಕಾಗದಗಳು ಅಂಚೆಯಲ್ಲಿ ಬಂದವು. 22 ಜನರಿಗೆ ರೋಗ ತಗುಲಿ 5 ಜನ ಸತ್ತರು. ಅದಕ್ಕೂ ಮುಂಚೆ 1979ರಲ್ಲಿ ಸೋವಿಯತ್ ಒಕ್ಕೂಟದ ಸ್ವೆರ್ಡ್‌ಲೋವ್ಸ್ಕ್ ನಗರದ ಸೈನಿಕ ಪ್ರಯೋಗಾಲಯದಿಂದ ಬೀಜಕಣ ಗಾಳಿಗೆ ಸೋರಿ 60ಕ್ಕೂ ಹೆಚ್ಚು ಜನ ಸತ್ತಿದ್ದರು. ಕೆಟ್ಟ ಮಾಂಸ ತಿಂದು ಸತ್ತರು ಎಂದು ಸರ್ಕಾರ ವರ್ಷಗಟ್ಟಲೆ ಹೇಳಿತು. 1992ರಲ್ಲಿ ರಷ್ಯಾದ ಅಧ್ಯಕ್ಷ ಬೋರಿಸ್ ಯೆಲ್ಟ್ಸಿನ್ ನಿಜ ಒಪ್ಪಿಕೊಂಡರು.

ಇವೆಲ್ಲ ನಡೆದದ್ದು ನಿಜ. ಆದರೆ ಸಿನಿಮಾ, ಸುದ್ದಿಗಳಿಂದಾಗಿ ಆಂಥ್ರಾಕ್ಸ್ ಎಂದರೆ ಬಿಳಿ ಪುಡಿಯ ಲಕೋಟೆ ಎಂದೇ ಜನರ ತಲೆಯಲ್ಲಿ ಕೂತಿದೆ. ಈ ರೋಗದ ನಿಜವಾದ ಮನೆ ಮೇವಿನ ಬಯಲು, ಕುರಿ ದೊಡ್ಡಿ. ಅಲ್ಲಿ ಸಾಯುವವರ ಬಗ್ಗೆ ಟೀವಿಯಲ್ಲಿ ಬರುವುದಿಲ್ಲ.

ಕಾಡುಪ್ರಾಣಿಗಳಿಗೂ ಬರುತ್ತದಾ?

ಬರುತ್ತದೆ. 2022ರಲ್ಲಿ ಪಕ್ಕದ ಕೇರಳದ ಅದಿರಪಳ್ಳಿ ಕಾಡಿನಲ್ಲಿ ಸತ್ತ ಕಾಡುಹಂದಿಗಳಲ್ಲಿ ಈ ರೋಗ ಖಚಿತವಾಯಿತು. 2016ರಲ್ಲಿ ಸೈಬೀರಿಯಾದ ಯಮಾಲ್‌ನಲ್ಲಿ ಅಪರೂಪದ ಬಿಸಿಲಿಗೆ ಹೆಪ್ಪುಗಟ್ಟಿದ್ದ ನೆಲ ಕರಗಿತು. ಅಲ್ಲಿ ರೋಗ ಕೊನೆಯದಾಗಿ ಕಂಡಿದ್ದು 1941ರಲ್ಲಿ. 2007ರಲ್ಲಿ ಲಸಿಕೆಯನ್ನೂ ನಿಲ್ಲಿಸಿದ್ದರು. 2,000ಕ್ಕೂ ಹೆಚ್ಚು ಹಿಮಸಾರಂಗಗಳು ಸತ್ತವು, 12 ವರ್ಷದ ಒಬ್ಬ ಹುಡುಗನೂ ತೀರಿಕೊಂಡ. "ನಮ್ಮೂರಲ್ಲಿ ಎಷ್ಟೋ ವರ್ಷದಿಂದ ಇಲ್ಲ, ಲಸಿಕೆ ಯಾಕೆ" ಎನ್ನುವವರಿಗೆ ನಾನು ಹೇಳುವುದು ಯಮಾಲ್ ಕತೆಯನ್ನೇ.

ರಣಹದ್ದುಗಳು ಮಾತ್ರ ಇಂಥ ಹೆಣ ತಿಂದರೂ ಸಾಮಾನ್ಯವಾಗಿ ಕಾಯಿಲೆ ಬೀಳುವುದಿಲ್ಲ. ಅವುಗಳ ಹೊಟ್ಟೆಯ ಆಮ್ಲ ಅಷ್ಟು ಪ್ರಬಲ. ಆದರೆ ದನಗಳಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್ ಎಂಬ ನೋವಿನ ಔಷಧಿ ಹೆಣದ ಮೂಲಕ ಹೊಟ್ಟೆ ಸೇರಿ ಅವು ನಮ್ಮ ದೇಶದಲ್ಲಿ ಬಹುಮಟ್ಟಿಗೆ ನಾಶವಾದವು. ಈಗ ರಾಮನಗರದ ರಾಮದೇವರ ಬೆಟ್ಟದಲ್ಲಿ ಅವುಗಳಿಗೊಂದು ಧಾಮ ಇದೆ. ಹದ್ದು ಹೋದ ಜಾಗಕ್ಕೆ ಬೀದಿನಾಯಿಗಳು ಬಂದವು. ಅವು ಹೆಣವನ್ನು ಮುಗಿಸುವುದಿಲ್ಲ, ಎಳೆದಾಡಿ ಚೆಲ್ಲುತ್ತವೆ.

ಇಲಾಖೆಗೆ ಹೇಳಿದರೆ ಊರಿನ ಹೆಸರು ಕೆಡುತ್ತದೆ, ಹಾಲು ಕೊಳ್ಳುವುದಿಲ್ಲ ಅಂತಾರೆ. ಹೇಳಲೇಬೇಕಾ?

ಹೇಳಲೇಬೇಕು. ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆಯುವ 2009ರ ಕೇಂದ್ರ ಕಾಯ್ದೆಯ ಪಟ್ಟಿಯಲ್ಲಿ ಆಂಥ್ರಾಕ್ಸ್ ಇದೆ. ಶಂಕೆ ಬಂದರೂ ತಿಳಿಸುವುದು ದನದ ಮಾಲೀಕರ ಹೊಣೆ. ಕಾನೂನು ಒಂದು ಕಡೆ ಇರಲಿ. ಮುಚ್ಚಿಟ್ಟರೆ ಎರಡನೇ ದನ, ಮೂರನೇ ದನ, ಆಮೇಲೆ ಪಕ್ಕದ ಮನೆಯ ಮಂದೆ. ತಿಳಿಸಿದರೆ ಸುತ್ತಲಿನ ಊರುಗಳಿಗೆಲ್ಲ ಲಸಿಕೆ ಬರುತ್ತದೆ, ಕೆಲವು ವಾರ ಸಂತೆ ಮತ್ತು ಸಾಗಾಟ ನಿಲ್ಲುತ್ತದೆ, ರೋಗ ಅಲ್ಲಿಗೇ ತಡೆಯುತ್ತದೆ. ಮಂದೆ ಹೊಡೆದುಕೊಂಡು ಊರೂರು ಸುತ್ತುವ ಕುರಿಗಾಹಿಗಳಿಗೆ ಈ ಮಾತು ಇನ್ನೂ ಮುಖ್ಯ. ಸತ್ತ ಕುರಿಯನ್ನು ಯಾರದೋ ಹೊಲದ ಬದುವಿನಲ್ಲಿ ಬಿಟ್ಟು ಮುಂದೆ ಹೋದರೆ ಬರುವ ವರ್ಷ ಅದೇ ದಾರಿಯಲ್ಲಿ ಬರುವುದು ಅವರದೇ ಮಂದೆ.

ನಮ್ಮಜ್ಜನ ಕಾಲದಲ್ಲಿ ದನ ಹೂಳಿದ ಜಾಗ ಇದೆ. ಅಲ್ಲಿ ಉಳಬಹುದಾ, ಬೋರ್ ಹಾಕಿಸಬಹುದಾ?

ನೆರಡಿಯಿಂದ ಸತ್ತ ದನ ಎಂದು ಗೊತ್ತಿದ್ದರೆ ಅಥವಾ ಅನುಮಾನ ಇದ್ದರೆ ಆ ಜಾಗ ಅಗೆಯಬೇಡಿ. ಜೆಸಿಬಿ ತಂದು ಮಣ್ಣು ಎತ್ತಿಸಬೇಡಿ. ಕೆರೆ ಹೂಳಿನ ಜೊತೆ ಆ ಮಣ್ಣನ್ನು ಹೊಲಕ್ಕೆ ಹೊಡೆಯಬೇಡಿ. ದನ ಮೇಯಿಸಬೇಡಿ, ಅಲ್ಲಿನ ಹುಲ್ಲು ಕೊಯ್ದು ತರಬೇಡಿ. ಅಗೆಯಲೇಬೇಕಾದ ಪರಿಸ್ಥಿತಿ ಬಂದರೆ ಮೊದಲು ಪಶು ಇಲಾಖೆಗೆ ಹೇಳಿ, ಮಣ್ಣಿನ ಮಾದರಿ ಪರೀಕ್ಷೆ ಮಾಡಿಸಲು ಕೇಳಿ. ಊರಿನ ಹಿರಿಯರಿಗೆ ಇಂಥ ಜಾಗಗಳು ಗೊತ್ತಿರುತ್ತವೆ. ಅವರು ಇರುವಾಗಲೇ ಕೇಳಿ ತಿಳಿದುಕೊಳ್ಳಿ. ಸರ್ವೆ ನಂಬರ್ ಬರೆದು ಪಂಚಾಯಿತಿಗೂ ಪಶು ಆಸ್ಪತ್ರೆಗೂ ಒಂದೊಂದು ಪ್ರತಿ ಕೊಡಿ. ನಾಲ್ಕು ಮೂಲೆಗೆ ನಾಲ್ಕು ಕಲ್ಲು ನೆಡಿಸಿ.